ವಾಸನೆ ಕಳೆದುಕೊಂಡ ಅಡುಗೆ ಭಟ್ಟರು: ಮೂಗಿನ ಪಾಲಿಪ್, ಉಬ್ಬಸ ಮತ್ತು ಒಂದು ನೋವಿನ ಮಾತ್ರೆ

ಮೂಗು ಕಟ್ಟುವುದಕ್ಕೆ ಒಬ್ಬರ ಹತ್ತಿರ, ಉಬ್ಬಸಕ್ಕೆ ಇನ್ನೊಬ್ಬರ ಹತ್ತಿರ, ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ. ಹೀಗೆ ಮೂರು ಕಡೆ ಔಷಧಿ ತಗೊಳ್ಳುತ್ತಾ ವರ್ಷಗಟ್ಟಲೆ ಒದ್ದಾಡುವವರು ನಮ್ಮ ಕರಾವಳಿಯಲ್ಲೂ ಇದ್ದಾರೆ, ಘಟ್ಟದ ಮೇಲೂ ಇದ್ದಾರೆ. ಮೂರಕ್ಕೂ ಬೇರು ಒಂದೇ ಇರಬಹುದು ಅಂತ ಗೊತ್ತಾದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಅಂಥ ಒಬ್ಬರ ವಿಷಯ ಇದು. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಬರೀ ಭಟ್ರು ಅನ್ನುತ್ತೇನೆ.

ಹಿನ್ನೆಲೆ

ಭಟ್ರಿಗೆ 47 ವರ್ಷ. ಕುಮಟಾ ಕಡೆಯವರು. ಮದುವೆ, ಉಪನಯನ, ಶ್ರಾದ್ಧ, ದೇವಸ್ಥಾನದ ಸಮಾರಾಧನೆ, ಎಲ್ಲಕ್ಕೂ ಅಡುಗೆಗೆ ಹೋಗುತ್ತಾರೆ. ಜೊತೆಗೆ ಐದಾರು ಜನರ ತಂಡ. ಶಿರಸಿ, ಸಿದ್ದಾಪುರ, ಹೊನ್ನಾವರ ಅಂತ ವರ್ಷವಿಡೀ ಓಡಾಟ. ಕೆಲವು ಕಡೆ ಗ್ಯಾಸ್, ಹಳ್ಳಿ ಮನೆಗಳಲ್ಲಿ ಇನ್ನೂ ಕಟ್ಟಿಗೆ ಒಲೆ.

ಅವರ ಕೆಲಸದಲ್ಲಿ ಮೂಗಿಗೆ ಎಷ್ಟು ಬೆಲೆ ಅಂತ ಹೊರಗಿನವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ನೈವೇದ್ಯ ಆಗುವ ತನಕ ಅಡುಗೆಯವರು ರುಚಿ ನೋಡುವಂತಿಲ್ಲ. ಸಾರು ಹದಕ್ಕೆ ಬಂತಾ, ಹುರಿದ ಮಸಾಲೆ ಸಾಕಾ, ಬೆಲ್ಲದ ಪಾಕ ಸೀಯುತ್ತಾ ಇದೆಯಾ, ಇದೆಲ್ಲ ಕೊಪ್ಪರಿಗೆಯ ಮೇಲೆ ಬಗ್ಗಿ ಮೂಗಿನಲ್ಲೇ ತಿಳಿಯಬೇಕು. ಮೂವತ್ತು ವರ್ಷದ ಅನುಭವ ಇದ್ದವರಿಗೆ ಅದು ಯೋಚನೆ ಮಾಡದೇ ಬರುವ ವಿದ್ಯೆ.

ಸುಮಾರು ಹತ್ತು ವರ್ಷದ ಹಿಂದೆ ಸೀನು, ಮೂಗಿನಲ್ಲಿ ನೀರು ಶುರುವಾಯಿತು. ಆಮೇಲೆ ಎರಡೂ ಹೊಳ್ಳೆ ಕಟ್ಟತೊಡಗಿದವು. ಮಳೆಗಾಲದಲ್ಲಂತೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಗೋಡೆ ಒಣಗುವುದೇ ಇಲ್ಲ, ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ನಲವತ್ತರ ಹೊತ್ತಿಗೆ ಉಬ್ಬಸ ಬಂತು. ಚಿಕ್ಕಂದಿನಲ್ಲಿ ಒಮ್ಮೆಯೂ ಇರಲಿಲ್ಲ, ಮನೆಯಲ್ಲಿ ಯಾರಿಗೂ ಇಲ್ಲ. ಈ ಮಾತನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ಆರು ವರ್ಷದ ಹಿಂದೆ ಬೇರೆ ಊರಿನಲ್ಲಿ ಪಾಲಿಪ್, ಅಂದರೆ ಮೂಗಿನೊಳಗೆ ಊದಿ ಜೋತುಬಿದ್ದ ಒಳಪದರ, ತೆಗೆಸಿದ್ದರು. ಒಂದು ವರ್ಷ ಆರಾಮಿದ್ದರು. ಆಪರೇಶನ್ ಆದ ಮೇಲೆ ಕೊಟ್ಟಿದ್ದ ಸ್ಪ್ರೇ ಬಾಟಲಿ ಮುಗಿದಾಗ ಮತ್ತೆ ತರಲಿಲ್ಲ. ಮೂಗು ತೆರೆದಿತ್ತು, ಇನ್ಯಾಕೆ ಅಂತ. ಮತ್ತೆ ಕಟ್ಟತೊಡಗಿದಾಗ ಮೆಡಿಕಲ್ ಶಾಪಿನ ಡ್ರಾಪ್ಸ್ ಹಿಡಿದರು. ಹಳದಿ ಸಿಂಬಳ ಬಂದಾಗಲೆಲ್ಲ ಆಂಟಿಬಯೋಟಿಕ್. ಮದುವೆ ಸೀಸನ್ ಶುರುವಾಗುವ ಮುಂಚೆ ಒಂದು ವಾರ "ಆ ಸಣ್ಣ ಬಿಳಿ ಮಾತ್ರೆ". ಅದು ಸ್ಟೀರಾಯ್ಡ್, ಪ್ರೆಡ್ನಿಸೊಲೋನ್. ಅದನ್ನು ತಗೊಂಡ ಮೂರನೇ ದಿನ ಮೂಗು ಬಿಡುತ್ತಿತ್ತು, ವಾಸನೆ ಬರುತ್ತಿತ್ತು. ನಿಲ್ಲಿಸಿದ ಎರಡು ವಾರಕ್ಕೆ ಮತ್ತೆ ಅದೇ ಕಥೆ. ವರ್ಷಕ್ಕೆ ನಾಲ್ಕೈದು ಸಲ ಹೀಗೆ ನಡೆದಿತ್ತು.

ನನ್ನ ಹತ್ತಿರ ಬರುವಂತಾದದ್ದು

ಒಂದು ಉಪನಯನದ ಮನೆಯಲ್ಲಿ ಪಾಯಸ ಕುದಿಯುತ್ತಾ ಇತ್ತು. ಭಟ್ರು ಪಕ್ಕದಲ್ಲೇ ನಿಂತು ತೆಂಗಿನ ಹಾಲು ಹೊಯ್ಯುತ್ತಿದ್ದರು. ಅಂಗಳದ ಆ ತುದಿಯಲ್ಲಿ ಬಾಳೆ ಎಲೆ ಒರೆಸುತ್ತಿದ್ದ ಹುಡುಗ ಓಡಿ ಬಂದು, "ಮಾವಾ, ಪಾಯಸ ತಳ ಹಿಡದ್ದು!" ಅಂದ. ಅಂಗಳಕ್ಕೆಲ್ಲ ಸೀದ ವಾಸನೆ. ಕೈಯಲ್ಲಿ ಸೌಟು ಹಿಡಿದ ಭಟ್ರಿಗೆ ಮಾತ್ರ ಏನೂ ಇಲ್ಲ. "ಉಪ್ಪು ಗೊತ್ತಾಗುತ್ತೆ ಡಾಕ್ಟ್ರೇ, ಹುಳಿ ಗೊತ್ತಾಗುತ್ತೆ. ಇಂಗು ಗೊತ್ತಾಗೋದಿಲ್ಲ, ಏಲಕ್ಕಿ ಗೊತ್ತಾಗೋದಿಲ್ಲ" ಅಂತ ಹೇಳುವಾಗ ಅವರ ದನಿ ಇಳಿದಿತ್ತು. ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುವುದು ನಾಲಿಗೆಗೆ. ಉಳಿದ ಸ್ವಾದದ ಹೆಚ್ಚಿನ ಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರಿದ ಮೇಲೆಯೇ ತಿಳಿಯುವುದು.

ಮೂಗು ಕಟ್ಟುತ್ತಾ ಅಂತ ಎಲ್ಲರೂ ಕೇಳುತ್ತಾರೆ. ವಾಸನೆ ಬರುತ್ತಾ ಅಂತ ಕೇಳುವವರು ಕಡಿಮೆ. ಸೈನಸ್ (ಮೂಗಿನ ಸುತ್ತಲಿನ ಮೂಳೆಯೊಳಗಿನ ಗಾಳಿ ಗೂಡು) ತೊಂದರೆ 12 ವಾರ ದಾಟಿದರೆ ಅದನ್ನು ದೀರ್ಘಕಾಲದ್ದು ಅನ್ನುತ್ತೇವೆ. ಅದರ ಜೊತೆ ವಾಸನೆಯೂ ಹೋಗಿದ್ದರೆ ಪಾಲಿಪ್ ಇರುವ ಸಾಧ್ಯತೆ ಜಾಸ್ತಿ. ಬರೀ ಹಣೆ ನೋವು, ತಲೆ ನೋವು ಇದ್ದು ಮೂಗು ಚೆನ್ನಾಗಿದ್ದರೆ ಅದು ಎಷ್ಟೋ ಸಲ ಸೈನಸ್ಸೇ ಆಗಿರುವುದಿಲ್ಲ, ಮೈಗ್ರೇನ್ ಆಗಿರುತ್ತದೆ.

ಪಾಯಸದ ಘಟನೆ ಆದ ಮೇಲೂ ಭಟ್ರು ಬಂದಿರಲಿಲ್ಲ. ಬಂದದ್ದು ಅದಕ್ಕಿಂತ ದೊಡ್ಡ ಹೆದರಿಕೆಯ ನಂತರ. ಶಿರಸಿಯಲ್ಲಿ ಮದುವೆ ಅಡುಗೆ ಮುಗಿಸಿ ರಾತ್ರಿ ಹೊರಟಿದ್ದರು. ದಿನವಿಡೀ ನಿಂತು ಮಂಡಿ ನೋವು. ಹೊರಡುವ ಮುಂಚೆ ಒಂದು ನೋವಿನ ಮಾತ್ರೆ ನುಂಗಿದರು. ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಮೂಗು ಪೂರ್ತಿ ಕಟ್ಟಿತು, ಕಣ್ಣು ಕೆಂಪಾಯಿತು, ಎದೆ ಬಿಗಿಯಿತು. ಮಾತಾಡಲು ಉಸಿರು ಸಾಲದಾಯಿತು. ಕೆಳಗೆ ಆಸ್ಪತ್ರೆ ಮುಟ್ಟಿದಾಗ ಆಕ್ಸಿಜನ್, ನೆಬ್ಯುಲೈಸರ್, ಇಂಜೆಕ್ಷನ್ ಎಲ್ಲ ಬೇಕಾಯಿತು. ಅಲ್ಲಿಯವರು ಚುರುಕಾಗಿ ನೋಡಿದ್ದರಿಂದ ಬದುಕಿದರು. ಎಲ್ಲರೂ ಅಂದದ್ದು ಒಂದೇ: ಹೊಗೆ ಕುಡಿದಿದ್ದಕ್ಕೆ ಉಬ್ಬಸ ಕೆರಳಿದೆ.

ಮಾತ್ರೆಯ ಪಟ್ಟಿ

ಇಡೀ ಪ್ರಕರಣ ತಿರುಗಿದ್ದು ಭಟ್ರ ಹೆಂಡತಿಯಿಂದ. ನಾನು ಎಂದಿನ ಪ್ರಶ್ನೆ ಕೇಳುತ್ತಿದ್ದೆ. ಆ ದಿನ ಏನು ತಿಂದಿರಿ, ಯಾವ ಔಷಧಿ ತಗೊಂಡಿರಿ ಅಂತ. ಭಟ್ರು "ಎಂತದೂ ಇಲ್ಲ" ಅಂದರು. ಅವರ ಹೆಂಡತಿ ಸುಮ್ನೆ ಪರ್ಸ್ ತೆಗೆದು ಮಡಚಿದ ಒಂದು ಮಾತ್ರೆ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಡೈಕ್ಲೋಫೆನಾಕ್ ಇದ್ದ ಮಾತ್ರೆ. ಒಂದು ಗುಳಿ ಖಾಲಿ. "ಡಾಕ್ಟ್ರೇ, ಹೋದ ವರ್ಷ ಹಲ್ಲು ಕೀಳಿಸಿದಾಗಲೂ ಹೀಗೇ ಆಗಿತ್ತು. ಆಗಿನ ಮಾತ್ರೆ ಬೇರೆ. ಆದ್ರೆ ಅದೂ ನೋವಿಂದೇ" ಅಂದರು. ಆ ಹಳೆಯ ಚೀಟಿ ಮನೆಯಲ್ಲಿತ್ತು. ಮರುದಿನ ತಂದು ತೋರಿಸಿದರು. ಐಬುಪ್ರೊಫೆನ್.

ಎರಡು ಬೇರೆ ಬೇರೆ ನೋವಿನ ಮಾತ್ರೆ, ಎರಡು ಸಲವೂ ಗಂಟೆ ಒಂದೂವರೆ ಗಂಟೆಯೊಳಗೆ ಉಬ್ಬಸ. ಮಧ್ಯವಯಸ್ಸಿನಲ್ಲಿ ಹೊಸದಾಗಿ ಬಂದ ಅಸ್ತಮಾ. ಮತ್ತೆ ಮತ್ತೆ ಬೆಳೆಯುವ ಪಾಲಿಪ್. ಈ ಮೂರೂ ಒಟ್ಟಿಗೆ ಬರುವ ಒಂದು ಕಾಯಿಲೆ ಇದೆ. 1922ರಲ್ಲೇ ಫ್ರಾನ್ಸಿನ ವಿಡಾಲ್ ಇದನ್ನು ವಿವರಿಸಿದ್ದರು. 1968ರಲ್ಲಿ ಅಮೆರಿಕದ ಸ್ಯಾಮ್ಟರ್ ಮತ್ತು ಬಿಯರ್ಸ್ ಮತ್ತೆ ಬರೆದ ಮೇಲೆ ಸ್ಯಾಮ್ಟರ್ ಅವರ ಹೆಸರೇ ಅದಕ್ಕೆ ನಿಂತಿತು.

ಇದು ಸಾಮಾನ್ಯ ಅಲರ್ಜಿಯಂತಲ್ಲ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವೆಲ್ಲ ದೇಹದ ಒಂದೇ ಕಿಣ್ವವನ್ನು ತಡೆಯುತ್ತವೆ. ಆಗ ನೋವು, ಊತ ಕಡಿಮೆಯಾಗುತ್ತದೆ. ಆದರೆ ಇಂಥ ರೋಗಿಗಳಲ್ಲಿ ಆ ತಡೆಯಿಂದಾಗಿ ಲ್ಯೂಕೋಟ್ರೈನ್ ಅನ್ನುವ ರಾಸಾಯನಿಕಗಳು ಒಮ್ಮೆಗೇ ಏರುತ್ತವೆ. ಅವು ಶ್ವಾಸನಾಳವನ್ನು ಬಿಗಿಯುತ್ತವೆ, ಮೂಗಿನ ಒಳಪದರವನ್ನು ಊದಿಸುತ್ತವೆ. ಹಾಗಾಗಿ ಕಂಪನಿ ಬದಲಿಸಿದರೆ, ಮಾತ್ರೆಯ ಹೆಸರು ಬದಲಿಸಿದರೆ ಪ್ರಯೋಜನ ಇಲ್ಲ. ಆ ಇಡೀ ಗುಂಪೇ ಬೇಡ.

ಖಚಿತಪಡಿಸಿಕೊಳ್ಳಲು ಆಸ್ಪತ್ರೆಯಲ್ಲಿ ಆಸ್ಪಿರಿನ್ ಸ್ವಲ್ಪ ಸ್ವಲ್ಪ ಕೊಟ್ಟು ನೋಡುವ ಪರೀಕ್ಷೆ ಇದೆ. ಭಟ್ರ ವಿಷಯದಲ್ಲಿ ಕಥೆ ಇಷ್ಟು ಸ್ಪಷ್ಟ ಇರುವಾಗ ಆ ಅಪಾಯ ಬೇಡ ಅಂತ ನಿರ್ಧರಿಸಿದೆವು. ಮಂಡಿಗೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮತ್ತು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಹೇಳಿದೆ. ಪ್ಯಾರಾಸಿಟಮಾಲ್ ಕೂಡ ಒಮ್ಮೆಗೇ 1000 ಮಿಲಿಗ್ರಾಂ ತಗೊಂಡರೆ ಕೆಲವರಿಗೆ ಆಗುವುದಿಲ್ಲ. ಬೇಡದ ಮಾತ್ರೆಗಳ ಹೆಸರನ್ನು ಕನ್ನಡದಲ್ಲಿ ಒಂದು ಕಾರ್ಡಿನಲ್ಲಿ ಬರೆದುಕೊಟ್ಟೆ. ಒಂದು ಪ್ರತಿ ಭಟ್ರ ಜೇಬಿಗೆ, ಒಂದು ಹೆಂಡತಿಯ ಪರ್ಸಿಗೆ, ಒಂದು ತಂಡದ ಹುಡುಗನಿಗೆ.

ಮೂಗಿನೊಳಗೆ ಏನಿತ್ತು

ಎಂಡೋಸ್ಕೋಪಿನಲ್ಲಿ ನೋಡಿದಾಗ ಎರಡೂ ಕಡೆ ಪಾಲಿಪ್. ಮಾಸಲು ಬಿಳಿ ಬಣ್ಣ, ನುಣುಪು, ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಜೋತುಬಿದ್ದಿದ್ದವು. ಮುಟ್ಟಿದರೆ ನೋವಿಲ್ಲ. ವಾಸನೆಯ ನರ ಮೂಗಿನ ಮೇಲ್ಛಾವಣಿಯಲ್ಲಿರುತ್ತದೆ. ಅಲ್ಲಿಗೆ ಗಾಳಿ ಹೋಗಲು ಜಾಗವೇ ಉಳಿದಿರಲಿಲ್ಲ.

ಮಾಂಸ ಬೆಳೆದಿದೆ ಅಂದರೆ ಕ್ಯಾನ್ಸರಾ ಅಂತ ಮನೆಯವರಿಗೆ ಭಯ. ಎರಡೂ ಕಡೆ ಇರುವ ಇಂಥ ಪಾಲಿಪ್ ಕ್ಯಾನ್ಸರ್ ಅಲ್ಲ. ದೀರ್ಘಕಾಲದ ಉರಿಯೂತದಿಂದ ನೀರು ತುಂಬಿ ಊದಿದ ಒಳಪದರವೇ ಅದು. ಒಂದೇ ಕಡೆ ಬೆಳೆದಿದ್ದರೆ, ಪದೇ ಪದೇ ರಕ್ತ ಬರುತ್ತಿದ್ದರೆ, ಕಣ್ಣು ಮುಂದೆ ಬಂದಂತಿದ್ದರೆ, ನೋಡಿದ್ದು ಎರಡೆರಡಾಗಿ ಕಾಣಿಸಿದರೆ ಮಾತ್ರ ಬೇರೆ ಕಾಯಿಲೆಯ ಅನುಮಾನ ಪಡಲೇಬೇಕು. ಆಗ ತಡ ಮಾಡಬಾರದು. ಚಿಕ್ಕ ಮಕ್ಕಳಲ್ಲಿ ಪಾಲಿಪ್ ಕಂಡರೂ ಅಷ್ಟೇ, ಕಾರಣ ಹುಡುಕಬೇಕು.

ರಕ್ತದಲ್ಲಿ ಇಯೊಸಿನೊಫಿಲ್ (ಇಂಥ ಉರಿಯೂತದಲ್ಲಿ ಹೆಚ್ಚುವ ಒಂದು ಬಗೆಯ ಬಿಳಿ ರಕ್ತಕಣ) ಮೈಕ್ರೋಲೀಟರಿಗೆ 1100 ಇತ್ತು. 500ರ ಒಳಗಿರಬೇಕಾದದ್ದು. ಮೂರು ತಿಂಗಳ ಸಕ್ಕರೆ ಸರಾಸರಿ (HbA1c) ಶೇಕಡಾ 7.8. ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದದ್ದೇ ಆವತ್ತು. ಅಷ್ಟು ಸಲ ತಗೊಂಡ ಸ್ಟೀರಾಯ್ಡ್ ಮಾತ್ರೆಯ ಪಾಲು ಅದರಲ್ಲಿ ಇರಲೇಬೇಕು. ವರ್ಷಕ್ಕೆ ಒಂದೋ ಎರಡೋ ಸಲ ವೈದ್ಯರು ನೋಡಿ ಕೊಟ್ಟರೆ ಆ ಮಾತ್ರೆ ದೊಡ್ಡ ಉಪಕಾರಿ. ಪ್ರತಿ ಸೀಸನ್ನಿಗೂ ತಾವೇ ತಂದು ನುಂಗಿದರೆ ಸಕ್ಕರೆ, ಮೂಳೆ, ಕಣ್ಣು, ಎಲ್ಲಕ್ಕೂ ಹೊಡೆತ. ಇದನ್ನು ನೋಡಿ ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲ ಮೂರು ತಿಂಗಳು

ಮೊದಲ ಕೆಲಸ ಡ್ರಾಪ್ಸ್ ಬಿಡಿಸುವುದು. ಝೈಲೋಮೆಟಾಜೊಲಿನ್, ಆಕ್ಸಿಮೆಟಾಜೊಲಿನ್ ಡ್ರಾಪ್ಸ್ ಐದಾರು ದಿನಕ್ಕಿಂತ ಹೆಚ್ಚು ಹಾಕಿದರೆ ಅದರಿಂದಲೇ ಮೂಗು ಕಟ್ಟತೊಡಗುತ್ತದೆ. ಭಟ್ರು ವರ್ಷಗಳಿಂದ ಹಾಕುತ್ತಿದ್ದರು. ಮೊದಲು ಒಂದೇ ಹೊಳ್ಳೆಗೆ ನಿಲ್ಲಿಸಿ, ಅದು ತಡೆದುಕೊಂಡ ಮೇಲೆ ಇನ್ನೊಂದಕ್ಕೂ ನಿಲ್ಲಿಸಿದರು. ಅದಕ್ಕೆ ಮುಂಚೆಯೇ ಮೊಮೆಟಾಸೋನ್ ಅನ್ನುವ ಸ್ಟೀರಾಯ್ಡ್ ಸ್ಪ್ರೇ ಶುರು ಮಾಡಿದ್ದೆ.

ಸ್ಪ್ರೇ ಹೊಡೆಯುವ ರೀತಿ ತೋರಿಸಿ ಅಂದೆ. ತಲೆ ಹಿಂದಕ್ಕೆ ಎತ್ತಿ, ಮೂಗಿನ ನಡುಗೋಡೆಗೆ ತಾಗಿಸಿ ಹೊಡೆದು, ಜೋರಾಗಿ ಎಳೆದುಕೊಂಡರು. ಔಷಧಿ ಗಂಟಲಿಗೆ ಹೋಯಿತು. ಹೀಗೆ ಹೊಡೆದರೆ ನಡುಗೋಡೆ ಒಣಗಿ ರಕ್ತ ಬರುತ್ತದೆ, ಸ್ಪ್ರೇ ಆಗಿಬರುವುದಿಲ್ಲ ಅಂತ ಜನ ಬಿಟ್ಟುಬಿಡುತ್ತಾರೆ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತುದಿ ಅದೇ ಬದಿಯ ಕಣ್ಣಿನ ಹೊರಮೂಲೆ ಕಡೆಗಿರಬೇಕು. ಹೊಡೆದ ಮೇಲೆ ಮೆಲ್ಲಗೆ ಉಸಿರು, ಅಷ್ಟೇ. ಪರಿಣಾಮ ಗೊತ್ತಾಗಲು ವಾರಗಳು ಬೇಕು.

ಮೂಗು ತೊಳೆಯುವುದು ಎರಡನೇ ಕೆಲಸ. 240 ಮಿಲಿಲೀಟರ್ ಹಿಡಿಯುವ ಮೆತ್ತನೆ ಬಾಟಲಿ, ಉಗುರು ಬೆಚ್ಚಗಿನ ಉಪ್ಪು ನೀರು, ದಿನಕ್ಕೆ ಎರಡು ಸಲ. ಲೀಟರಿಗೆ 9 ಗ್ರಾಂ ಉಪ್ಪು, ಉರಿ ಆಗದಂತೆ ಒಂದು ಚಿಟಿಕೆ ಅಡುಗೆ ಸೋಡಾ. ಗೋಕರ್ಣದ ಹತ್ತಿರದ ಉಪ್ಪಿನ ಗದ್ದೆಯ ಸಾಣಿಕಟ್ಟಾ ಉಪ್ಪು ಆಗುತ್ತಾ ಅಂತ ಭಟ್ರು ಕೇಳಿದರು. ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಮೂಗಿಗೆ ಬೇಡ ಅಂದೆ. ಗದ್ದೆಯ ಉಪ್ಪಿನಲ್ಲಿ ಮಣ್ಣಿನ ಕಣ ಇರುತ್ತದೆ. ಅಯೋಡಿನ್ ಹಾಕದ ಶುದ್ಧ ಪುಡಿ ಉಪ್ಪು, ಇಲ್ಲವೇ ಅಳತೆ ಮಾಡಿಟ್ಟ ಪೊಟ್ಟಣ ಸಾಕು.

ನೀರಿನ ವಿಷಯದಲ್ಲಿ ನಾನು ತುಂಬ ಹಟ ಮಾಡುತ್ತೇನೆ. ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಕುದಿಸಿ ಆರಿಸದೆ ಮೂಗಿಗೆ ಹಾಕಬಾರದು. 2024ರಲ್ಲಿ ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾದಿಂದ ಜನ ಸತ್ತ ಸುದ್ದಿ ಓದಿರುತ್ತೀರಿ. ಆ ಅಮೀಬಾ ನೀರು ಕುಡಿದರೆ ಏನೂ ಮಾಡುವುದಿಲ್ಲ. ಮೂಗಿನ ದಾರಿಯಲ್ಲೇ ಮೆದುಳು ಸೇರುವುದು.

ಅಸ್ತಮಾಕ್ಕೆ ದಿನಾ ಹಾಕುವ ಇನ್ಹೇಲರ್ ಶುರುವಾಯಿತು. ಲ್ಯೂಕೋಟ್ರೈನ್ ಕೆಲಸ ತಡೆಯುವ ಮೊಂಟೆಲುಕಾಸ್ಟ್ ಮಾತ್ರೆಯನ್ನೂ ಕೊಟ್ಟೆ, ನಿದ್ದೆ ಕೆಟ್ಟರೆ ಅಥವಾ ಮನಸ್ಸು ಕುಗ್ಗಿದರೆ ಕೂಡಲೇ ಹೇಳಬೇಕೆಂಬ ಮಾತಿನೊಡನೆ. ಇನ್ನೊಂದು ಎಚ್ಚರಿಕೆ ಗ್ಯಾಸಿನದು. ವಾಸನೆ ಇಲ್ಲದವರಿಗೆ ಸಿಲಿಂಡರ್ ಸೋರಿದ್ದು ತಿಳಿಯುವುದಿಲ್ಲ. ದೊಡ್ಡ ಒಲೆ ಹಚ್ಚುವ ಮುಂಚೆ ಹುಡುಗನೇ ಮೂಸಿ ನೋಡಬೇಕು, ಭಟ್ರು ಒಬ್ಬರೇ ಕಡ್ಡಿ ಗೀರಬಾರದು ಅಂತ ಕಟ್ಟಪ್ಪಣೆ.

ಮೂರು ತಿಂಗಳಲ್ಲಿ ಉಬ್ಬಸ ಹತೋಟಿಗೆ ಬಂತು. ರಾತ್ರಿ ನಿದ್ದೆ ಬಂತು. ಮೂಗು ಅರ್ಧ ತೆರೆಯಿತು. ವಾಸನೆ ಮಾತ್ರ ಬರಲಿಲ್ಲ.

ಮತ್ತೆ ಆಪರೇಶನ್ ಮಾಡುವುದಾ?

ಸಿಟಿ ಸ್ಕ್ಯಾನ್ ಮಾಡಿಸಿದೆವು. ಹತ್ತಿರಹತ್ತಿರ ಎಲ್ಲ ಸೈನಸ್ಸೂ ತುಂಬಿತ್ತು. ಸ್ಕ್ಯಾನಿನಲ್ಲಿ ಸೈನಸ್ ಎಷ್ಟು ತುಂಬಿದೆ ಅಂತ ಅಂಕ ಕೊಡುವ ಲಂಡ್ ಮೆಕೇ ಲೆಕ್ಕದಲ್ಲಿ 24ಕ್ಕೆ 19. ಹಿಂದಿನ ಸಲ ಮೂಗಿನಲ್ಲಿ ಕಾಣುವ ಪಾಲಿಪ್ ಮಾತ್ರ ತೆಗೆದಿದ್ದರು, ಕಣ್ಣುಗಳ ನಡುವಿನ ಸಣ್ಣ ಸಣ್ಣ ಕೋಣೆಗಳು ಹಾಗೇ ಮುಚ್ಚಿದ್ದವು. ನೀರಾಗಲಿ ಸ್ಪ್ರೇ ಆಗಲಿ ಒಳಗೆ ಹೋಗುವ ದಾರಿಯೇ ಇರಲಿಲ್ಲ.

"ಒಮ್ಮೆ ತೆಗೆಸಿ ಆಯ್ತಲ್ಲ, ಮತ್ತೆ ಬಂತು. ಇನ್ನೊಮ್ಮೆ ಯಾಕೆ ಕೊಯ್ಯಿಸ್ಕೊಳ್ಳೋದು?" ಅಂತ ಭಟ್ರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆಪರೇಶನ್ ಈ ಕಾಯಿಲೆಯನ್ನು ಗುಣ ಮಾಡುವುದಿಲ್ಲ ಅಂತ ನೇರವಾಗಿ ಹೇಳಿದೆ. ಕಾಯಿಲೆ ಇರುವುದು ಒಳಪದರದ ಸ್ವಭಾವದಲ್ಲಿ. ಕತ್ತರಿ ಮಾಡುವುದು ಇಷ್ಟೇ: ಬೆಳೆದದ್ದನ್ನು ತೆಗೆದು, ಸೈನಸ್ಸುಗಳ ಬಾಯಿ ಅಗಲ ಮಾಡಿ, ಔಷಧಿ ತಲುಪುವಂತೆ ಮಾಡುವುದು. ಆಮೇಲೆ ಜೀವನಪೂರ್ತಿ ತೊಳೆಯಬೇಕು, ಔಷಧಿ ಹಾಕಬೇಕು. ಇದಕ್ಕೆ ಒಪ್ಪದಿದ್ದರೆ ಆಪರೇಶನ್ ಬೇಡವೇ ಬೇಡ ಅಂದೆ. ಕಣ್ಣಿನ ಗೂಡು, ಮೆದುಳು ತೀರ ಹತ್ತಿರ ಇರುವುದರಿಂದ ಅಪರೂಪಕ್ಕೆ ಆಗಬಹುದಾದ ತೊಂದರೆಗಳನ್ನೂ ಮುಚ್ಚಿಡಲಿಲ್ಲ.

ಮನೆಯಲ್ಲಿ ಮಾತಾಡಿಕೊಂಡು ಬಂದರು. ಮಳೆಗಾಲದ ಬಿಡುವಿನಲ್ಲಿ ಮಾಡಿಸೋಣ, ಆಗ ಕಾರ್ಯಕ್ರಮ ಕಡಿಮೆ ಅಂದರು. ಅಸ್ತಮಾ ಇರುವವರಿಗೆ ಅರಿವಳಿಕೆ ಕೊಡಲು ಐಸಿಯು ಹತ್ತಿರವಿರಬೇಕು. ಹಾಗಾಗಿ ಜಿಲ್ಲೆಯ ಹೊರಗೇ ಹೋಗಬೇಕಾಯಿತು. ನಮ್ಮ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೇಳುತ್ತಿರುವುದು ಸುಮ್ಮನೆ ಅಲ್ಲ. ಮುಂಚಿನ ಒಂದು ವಾರ ಅಳತೆಯ ಸ್ಟೀರಾಯ್ಡ್, ದಿನಾ ಸಕ್ಕರೆ ಪರೀಕ್ಷೆ. ಅರಿವಳಿಕೆಯವರಿಗೂ ವಾರ್ಡಿನ ನರ್ಸುಗಳಿಗೂ ಆ ಕಾರ್ಡ್ ತೋರಿಸಿಯಾಗಿತ್ತು. ಆಪರೇಶನ್ ಆದ ಮೇಲೆ ನೋವಿಗೆ ಅಂತ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಡುವುದು ಎಲ್ಲ ಕಡೆ ರೂಢಿ, ಅಲ್ವಾ. ಈ ರೋಗಿಗೆ ಅದೇ ಪ್ರಾಣಕ್ಕೆ ಕುತ್ತು.

ತೆಗೆದದ್ದನ್ನೆಲ್ಲ ಪರೀಕ್ಷೆಗೆ ಕಳಿಸಿದರು. ತುಂಬ ಇಯೊಸಿನೊಫಿಲ್, ಫಂಗಸ್ ಇಲ್ಲ. ನಮ್ಮ ದೇಶದಲ್ಲಿ ಫಂಗಸ್ಸಿನ ಅಲರ್ಜಿಯಿಂದ ಬರುವ ಸೈನಸ್ ಕಾಯಿಲೆ ಕಡಿಮೆಯೇನಿಲ್ಲ. ಅದನ್ನು ಹುಡುಕದೆ ಬಿಡಬಾರದು.

ನಂತರ

ಎರಡನೇ ವಾರ ಮೂಗಿನ ಹೆಪ್ಪುಗಳನ್ನು ಸ್ವಚ್ಛ ಮಾಡಿದ ಮೇಲೆ ಭಟ್ರಿಗೆ ಮೊದಲು ತಿಳಿದದ್ದು ಮನೆಯಲ್ಲಿ ಅಪ್ಪೆಹುಳಿಗೆ ಹಾಕಿದ ಒಗ್ಗರಣೆ. ಇಂಗು ಅಂತ ಗೊತ್ತಾಯಿತಂತೆ. ತೊಳೆಯುವ ನೀರಿಗೆ ಬ್ಯುಡೆಸೊನೈಡ್ ಅನ್ನುವ ಸ್ಟೀರಾಯ್ಡ್ ಔಷಧಿ ಸೇರಿಸಿ ಕೊಟ್ಟಿದ್ದೆವು. ಸಂಕ್ರಾಂತಿ ಹೊತ್ತಿಗೆ ಹೆಚ್ಚಿನ ವಾಸನೆಗಳು ಮರಳಿದ್ದವು.

ಏಪ್ರಿಲ್, ಮೇ ಬಂತು. ಮದುವೆಗಳ ಮೇಲೆ ಮದುವೆ. ಬೇರೆಯವರ ಮನೆಯಲ್ಲಿ, ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚುವವರು ಎಲ್ಲಿ ನಿಂತು ಮೂಗು ತೊಳೆಯಬೇಕು? ಭಟ್ರು ಬಿಟ್ಟೇಬಿಟ್ಟರು. ಜೂನ್‌ನಲ್ಲಿ ನೋಡಿದಾಗ ಎಡಗಡೆ ಒಂದು ಸಣ್ಣ ಪಾಲಿಪ್ ಇಣುಕುತ್ತಿತ್ತು, ವಾಸನೆ ಮಂಕಾಗಿತ್ತು. ಹಳೆಯ ಬಿಳಿ ಮಾತ್ರೆ ಒಂದು ವಾರ ಕೊಡಿ ಅಂತ ಕೇಳಿದರು. ಕೊಡಲಿಲ್ಲ. ಸೈನಸ್ಸಿನ ಬಾಯಿ ಈಗ ತೆರೆದಿತ್ತು, ಔಷಧಿ ನೀರು ಅಲ್ಲಿಗೆ ತಲುಪುತ್ತದೆ ಅಂತ ಗೊತ್ತಿತ್ತು. ಕ್ರಮ ತಪ್ಪದಂತೆ ಮಾಡುವುದೇ ಈಗಿನ ಚಿಕಿತ್ಸೆ ಅಂತ ತೀರ್ಮಾನಿಸಿದೆ.

ದಾರಿ ತೋರಿಸಿದ್ದು ಮತ್ತೆ ಅವರ ಹೆಂಡತಿಯೇ. ಸಾಮಾನು ತುಂಬುವ ಪೆಟ್ಟಿಗೆಯಲ್ಲಿ ಸೌಟು, ಜಾಲರಿ ಜೊತೆಗೆ ಒಂದು ಡಬ್ಬಿ ಇಟ್ಟರು. ಅದರಲ್ಲಿ ಬಾಟಲಿ, ಉಪ್ಪಿನ ಪೊಟ್ಟಣ, ಔಷಧಿ. ಬೆಳಗಿನ ಚಹಾಕ್ಕೆ ನೀರು ಕುದಿಯುವಾಗ ಹುಡುಗ ಒಂದು ಲೋಟ ತೆಗೆದು ಮುಚ್ಚಿಡುತ್ತಾನೆ. ಆರಿದ ಮೇಲೆ ಬಚ್ಚಲಲ್ಲಿ ಎರಡು ನಿಮಿಷದ ಕೆಲಸ. ಮೂರು ತಿಂಗಳಲ್ಲಿ ಆ ಪಾಲಿಪ್ ಕುಗ್ಗಿತು.

ಊರಿನ ಕುಟುಂಬ ವೈದ್ಯರಿಗೆ ನನ್ನದೊಂದು ಕೋರಿಕೆ ಇದೆ. ಪಾಲಿಪ್ ಇದ್ದವರನ್ನು ಕಂಡರೆ ಉಬ್ಬಸ ಇದೆಯಾ ಅಂತ ಕೇಳಿ. ದೊಡ್ಡವರಾದ ಮೇಲೆ ಉಬ್ಬಸ ಬಂದವರನ್ನು ಕಂಡರೆ ವಾಸನೆ ಬರುತ್ತಾ ಅಂತ ಕೇಳಿ. ಇಬ್ಬರಿಗೂ ನೋವಿನ ಮಾತ್ರೆ ಬರೆಯುವ ಮುಂಚೆ, ಹಿಂದೆ ತಗೊಂಡಾಗ ಏನಾಯಿತು ಅಂತ ಕೇಳಿ. ಮತ್ತೆ ರೋಗಿಯ ಜೊತೆ ಬಂದವರನ್ನೂ ಮಾತಾಡಿಸಿ. ಭಟ್ರ ಹೆಂಡತಿ ಆ ದಿನ ಬರದೇ ಇದ್ದಿದ್ದರೆ ಈ ಪ್ರಕರಣಕ್ಕೆ "ಹೊಗೆಯಿಂದ ಬಂದ ಅಸ್ತಮಾ" ಅನ್ನುವ ಹೆಸರೇ ಉಳಿಯುತ್ತಿತ್ತು.

ಇನ್ನೂ ಎರಡು ದಾರಿಗಳ ಬಗ್ಗೆ ಮಾತಾಡಿದ್ದೇವೆ. ಒಂದು, ಆಸ್ಪತ್ರೆಯಲ್ಲಿಟ್ಟು ಆಸ್ಪಿರಿನ್ನಿಗೆ ದೇಹವನ್ನು ನಿಧಾನಕ್ಕೆ ಒಗ್ಗಿಸುವುದು. ಆಮೇಲೆ ಅದನ್ನು ದಿನಾ ತಗೊಳ್ಳಲೇಬೇಕು. ಭಟ್ರಿಗೆ ಹೊಟ್ಟೆ ಹುಣ್ಣಿನ ತೊಂದರೆ ಇರುವುದರಿಂದ ಬೇಡ ಅಂದುಕೊಂಡೆವು. ಎರಡನೆಯದು ಡುಪಿಲುಮ್ಯಾಬ್‌ನಂಥ ಹೊಸ ಇಂಜೆಕ್ಷನ್. 2019ರಲ್ಲಿ ಅಮೆರಿಕದಲ್ಲಿ ಪಾಲಿಪ್‌ಗೆ ಒಪ್ಪಿಗೆ ಸಿಕ್ಕ ಮೊದಲ ಇಂಥ ಔಷಧಿ ಅದು. ಪಾಲಿಪ್ ಬೆಳೆಸುವ ಉರಿಯೂತದ ಸಂದೇಶವನ್ನೇ ತಡೆಯುತ್ತದೆ, ವಾಸನೆಯನ್ನೂ ಚೆನ್ನಾಗಿ ಮರಳಿಸುತ್ತದೆ. ಆದರೆ ಬೆಲೆ ಅಡುಗೆ ಕೆಲಸದ ಸಂಪಾದನೆಗೆ ಎಟುಕುವಂಥದ್ದಲ್ಲ, ನಿಲ್ಲಿಸಿದರೆ ಕಾಯಿಲೆ ಮರಳಬಹುದು. ಆಪರೇಶನ್, ತೊಳೆಯುವುದು, ಸ್ಪ್ರೇ ಎಲ್ಲ ಸರಿಯಾಗಿ ನಡೆದೂ ಪಾಲಿಪ್ ಮತ್ತೆ ತುಂಬಿದರೆ ಆಗ ಅದರ ಯೋಚನೆ ಮಾಡುವುದು ಅಂತ ಒಪ್ಪಿಕೊಂಡಿದ್ದೇವೆ. ಸದ್ಯ ನಾಲ್ಕು ತಿಂಗಳಿಗೊಮ್ಮೆ ಎಂಡೋಸ್ಕೋಪ್ ಹಾಕಿ ನೋಡುತ್ತಿದ್ದೇನೆ. ಸಕ್ಕರೆ ಇಳಿದಿದೆ, ಆಪರೇಶನ್ ಆದ ಮೇಲೆ ಸ್ಟೀರಾಯ್ಡ್ ಮಾತ್ರೆ ಒಮ್ಮೆಯೂ ಬೇಕಾಗಿಲ್ಲ. ನೆಗಡಿಯಾದಾಗ ವಾಸನೆ ವಾರಗಟ್ಟಲೆ ಹೋಗಿ ಮತ್ತೆ ಬರುತ್ತದೆ. ಆ ದಿನಗಳಲ್ಲಿ ಪಾಕ ನೋಡುವ ಕೆಲಸ ಹುಡುಗನದು.